ಗಿಡ್ಡ ದಾರದ ಗಾಳಿಬಂಡಿ

ಆಷಾಢ ಬಂದಿತೆಂದರೆ ಬೆಂಗಳೂರಿನ ದಕ್ಷಿಣ ಭಾಗದ ಕಲ್ಯಾಣ ಮಂಟಪಗಳಿಗೆ ಬಿಡುವು. ಗಾಳಿಗೆ ಮಾತ್ರ ಬಿಡುವಿಲ್ಲ. ಪಡುವಣ ದಿಕ್ಕಿನಿಂದ ಏಳುವ ಮುಂಗಾರಿನ ಗಾಳಿ ಈ ಊರಿನಲ್ಲಿ ಅತ್ಯಂತ ಬಿರುಸಾಗಿ ಬೀಸುವುದು ಜೂನ್ ಮತ್ತು ಜುಲೈ ತಿಂಗಳುಗಳಲ್ಲಿಯೇ. ಗುಜರಾತಿನವರು ಸಂಕ್ರಾಂತಿಯಂದು ಗಾಳಿಪಟ ಹಾರಿಸಿದರೆ ನಮ್ಮ ಹಳೆಯ ಮೈಸೂರು ಸೀಮೆಯ ಮಕ್ಕಳು ಆಷಾಢಕ್ಕಾಗಿ ಕಾಯುವುದು ಈ ಕಾರಣದಿಂದ. ದೊಡ್ಡಬಳ್ಳಾಪುರದಲ್ಲಿ ಆಷಾಢದ ಗಾಳಿಪಟದ ಉತ್ಸವಕ್ಕೆ ಜನ ಸೇರುವುದನ್ನು ಬಲ್ಲವರು ಬಲ್ಲರು. ಈ ಸಲ ನಾವು ಬರೆಯಹೊರಟಿರುವುದೂ ಗಾಳಿಪಟದ ವಿಷಯವನ್ನೇ. ಆದರೆ ಇದು ಆಕಾಶದಲ್ಲಿ ಸುಮ್ಮನೆ ಹಾರುವ ಪಟವಲ್ಲ. ಮನುಷ್ಯನನ್ನು ಕೂರಿಸಿಕೊಂಡು ನೆಲದ ಮೇಲೆ ಬಂಡಿಯನ್ನು ಎಳೆಯುವ ಪಟ. ಅದರಿಂದ ನಮಗೊಂದು ಪಾಠವಾಯಿತು. ಆ ಪಾಠ ಕಲಿಸಿದವನು ನಮಗಿಂತ ಐವತ್ತು ವರ್ಷ ಚಿಕ್ಕವನು.

ನಮ್ಮ ಮಗಳು ಮತ್ತು ಅಳಿಯಂದಿರು ನ್ಯೂಜಿಲೆಂಡ್ ದೇಶದ ಕ್ರೈಸ್ಟ್‌ಚರ್ಚ್ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿ ಜುಲೈ ಎಂದರೆ ಚಳಿಗಾಲ. ಶಾಲೆಗಳಿಗೆ ಎರಡು ವಾರದ ರಜೆ. 2024ರ ಜುಲೈಯಲ್ಲಿ ಹದಿನೈದು ವರ್ಷದ ಮೊಮ್ಮಗ ಆ ರಜೆಯನ್ನು ನಮ್ಮೊಡನೆ ಕಳೆಯಲು ಬನಶಂಕರಿಯ ಮನೆಗೆ ಬಂದನು. ಮಗುವಾಗಿದ್ದಾಗ ತೊಡೆಯ ಮೇಲೆ ಆಡಿದವನು ಈಗ ನಮಗಿಂತ ಒಂದು ಗೇಣು ಎತ್ತರ. ಮಾತು ಮಾತ್ರ ಕಡಮೆ. ಫೋನಿನಲ್ಲಿ ಕಲಿತ ಕನ್ನಡ ಅವನದು: 'ಊಟ ಆಯಿತಾ ತಾತ', 'ಆಯಿತು ತಾತ', 'ಹುಷಾರಾಗಿದೀನಿ ತಾತ' – ಈ ಮೂರು ವಾಕ್ಯಗಳಲ್ಲಿ ನಮ್ಮ ಸಂಭಾಷಣೆ ಮುಗಿಯುತ್ತಿತ್ತು. ಬಂದ ಮರುದಿನ ಅವನು ಚೀಲವೊಂದರಿಂದ ಬಣ್ಣದ ತೆಳು ಬಟ್ಟೆಯ ರಾಶಿಯೊಂದನ್ನು ಹೊರಗೆಳೆದಾಗ, ಅವನ ಅಜ್ಜಿ ಅದನ್ನು ಛತ್ರಿಯ ಬಟ್ಟೆಯೆಂದೇ ತಿಳಿದು, ಹೊಲಿಸಿಕೊಡಬೇಕೇನೋ ಎಂದು ಕೇಳಿದರು. ಅದು ನಾಲ್ಕು ಚದರ ಮೀಟರಿನ ಗಾಳಿಪಟವಾಗಿತ್ತು.

ಅದರಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ನಾವು ಬಾಲ್ಯದಲ್ಲಿ ಬಿದಿರು ಸೀಳಿ, ಹಳೆಯ ವೃತ್ತಪತ್ರಿಕೆಗೆ ಅನ್ನದ ಅಂಟು ಹಚ್ಚಿ, ಸೂತ್ರ ಕಟ್ಟಿ, ಹರಿದ ಪಂಚೆಯ ಬಾಲಂಗೋಚಿ ತೊಡಿಸಿ ಹಾರಿಸಿದವರು. ಕಡ್ಡಿಯಿಲ್ಲದ ಪಟ ನಿಲ್ಲುವುದಾದರೂ ಹೇಗೆ ಎಂಬುದು ನಮ್ಮ ಪ್ರಶ್ನೆ. ಹುಡುಗ ಅದರ ಮುಂಚಾಚನ್ನು ಬಿಡಿಸಿ ತೋರಿಸಿದನು. ಬಟ್ಟೆ ಎರಡು ಪದರವಾಗಿದೆ. ನಡುವೆ ಅಡ್ಡಗೋಡೆಗಳನ್ನು ಹೊಲಿದು ಕೋಣೆಗಳನ್ನು ಮಾಡಿದ್ದಾರೆ. ಪ್ರತಿಯೊಂದು ಕೋಣೆಯ ಬಾಯಿಯೂ ಗಾಳಿಯ ಕಡೆಗೆ ತೆರೆದಿದೆ. ಗಾಳಿ ಒಳನುಗ್ಗಿ ತುಂಬಿಕೊಂಡೊಡನೆ ಬಟ್ಟೆಯೇ ರೆಕ್ಕೆಯಾಗುತ್ತದೆ. ಅಮೆರಿಕದ ಡಾಮಿನಾ ಜಾಲ್ಬರ್ಟ್ ಎಂಬುವರು 1964ರಲ್ಲಿ ಕಂಡುಹಿಡಿದ ಉಪಾಯವಿದು. ಇಂದು ವಿಮಾನದಿಂದ ಜಿಗಿಯುವವರ ಚೌಕ ಪ್ಯಾರಾಚೂಟುಗಳೂ ಇದೇ ವಂಶದವು.

ದಾರಗಳು ನಾಲ್ಕು, ಹಿಡಿಗಳು ಎರಡು. ಪ್ರತಿ ಹಿಡಿಯ ಮೇಲುತುದಿಯ ದಾರ ಎಳೆತಕ್ಕೆ, ಕೆಳತುದಿಯ ದಾರ ತಡೆಗೆ. ಬಲಗೈ ಎಳೆದರೆ ಪಟ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ಕೆಳತುದಿಗಳೆರಡನ್ನೂ ಒಟ್ಟಿಗೆ ಎಳೆದರೆ ಪಟ ತೆಪ್ಪಗೆ ಹಿಂದಕ್ಕೆ ಇಳಿದು ನೆಲ ಸೇರುತ್ತದೆ. ಇದು ತೀರ ಹೊಸ ವಿಚಾರವೆಂದು ಯಾರೂ ಭಾವಿಸಬೇಕಿಲ್ಲ. ವಿಮಾನ ಕಟ್ಟುವ ಮೊದಲು, 1899ರಲ್ಲಿ, ರೈಟ್ ಸಹೋದರರು ರೆಕ್ಕೆಯನ್ನು ತಿರುಚುವ ತಮ್ಮ ಕಲ್ಪನೆಯನ್ನು ಪರೀಕ್ಷಿಸಿದ್ದು ನಾಲ್ಕು ದಾರಗಳ ಗಾಳಿಪಟವೊಂದರ ಮೂಲಕ. ಆ ದಾರಗಳನ್ನು ಎರಡು ಕೋಲುಗಳಿಗೆ ಕಟ್ಟಿ, ಎರಡು ಕೈಗಳಲ್ಲಿ ಹಿಡಿದು ನಡೆಸಿದ್ದರು.

ಹುಡುಗನ ಆಸೆ ಪಟ ಹಾರಿಸುವುದಲ್ಲ, ಬಂಡಿ ಓಡಿಸುವುದು. ಕ್ರೈಸ್ಟ್‌ಚರ್ಚಿಗೆ ನೂರು ಕಿಲೋಮೀಟರಿಗೂ ಕಡಮೆ ದೂರದಲ್ಲಿ ಆಶ್‌ಬರ್ಟನ್ ಎಂಬ ಊರಿದೆ. ಅಲ್ಲಿನ ಗಾಳಿಪಟ ತಯಾರಕರಾದ ಪೀಟರ್ ಲಿನ್ ಅವರು 1990ರ ಆಸುಪಾಸಿನಲ್ಲಿ ಈಗಿನ ಬಗೆಯ ಬಂಡಿಗೆ ರೂಪ ಕೊಟ್ಟರು. ಇಂಗ್ಲಿಷಿನಲ್ಲಿ ಅದನ್ನು ಕೈಟ್ ಬಗ್ಗಿ ಎನ್ನುತ್ತಾರೆ. ನಾವು ಮನೆಯಲ್ಲಿ ಗಾಳಿಬಂಡಿ ಎಂದೆವು. ಮೂರು ಗಾಲಿ: ಹಿಂದೆ ಎರಡು, ಮುಂದೆ ಒಂದು. ಹಿಂದಿನ ಗಾಲಿಗಳ ನಡುವೆ ನೆಲಕ್ಕೆ ತಾಗುವಂತಹ ತಗ್ಗಿನ ಆಸನ. ಮುಂದಿನ ಗಾಲಿಯನ್ನು ತಿರುಗಿಸುವುದು ಪಾದಗಳಿಂದ, ಏಕೆಂದರೆ ಕೈಗಳೆರಡೂ ಪಟಕ್ಕೆ ಮೀಸಲು. ಇಂಜಿನ್ ಇಲ್ಲ, ಬ್ರೇಕೂ ಇಲ್ಲ. ನಿಲ್ಲಿಸಬೇಕಾದರೆ ಬಂಡಿಯ ಮುಖವನ್ನು ಗಾಳಿಗೆ ಎದುರಾಗಿ ತಿರುಗಿಸಬೇಕು, ಇಲ್ಲವೇ ಪಟವನ್ನು ಕೆಳಗಿಳಿಸಬೇಕು. ಆ ದೇಶದಲ್ಲಿ ಇಳಿತದ ಹೊತ್ತಿನ ಕಡಲತೀರಗಳಲ್ಲಿ, ಗಟ್ಟಿ ಮರಳಿನ ಮೇಲೆ, ಇದನ್ನು ಓಡಿಸುತ್ತಾರೆ.

ಇದಕ್ಕೂ ಹಿಂದೆ ಒಂದು ಕತೆಯಿದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾರ್ಜ್ ಪೋಕಾಕ್ ಎಂಬ ಶಾಲಾ ಉಪಾಧ್ಯಾಯರಿದ್ದರು. ಎರಡು ಗಾಳಿಪಟಗಳಿಂದ ಎಳೆಯಲ್ಪಡುವ ಸಾರೋಟಿಗೆ ಅವರು 1826ರಲ್ಲಿ ಪೇಟೆಂಟ್ ಪಡೆದು, ಅದಕ್ಕೆ ಚಾರ್‌ವೋಲಂಟ್ ಎಂದು ಹೆಸರಿಟ್ಟು, ಊರಿಂದೂರಿಗೆ ಹೆದ್ದಾರಿಯಲ್ಲಿಯೇ ಪ್ರಯಾಣ ಮಾಡಿದರು. ಅಂದಿನ ರಸ್ತೆ ಸುಂಕ ಕುದುರೆಗಳ ಲೆಕ್ಕದ ಮೇಲಿದ್ದುದರಿಂದ, ಕುದುರೆಯೇ ಇಲ್ಲದ ಈ ಗಾಡಿಗೆ ಸುಂಕದ ಕಟ್ಟೆಯವರು ಏನೂ ವಸೂಲು ಮಾಡಲಾಗಲಿಲ್ಲವೆಂದು ಹೇಳುತ್ತಾರೆ. ತಮ್ಮ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಗಾಳಿಪಟದಿಂದ ಮೇಲಕ್ಕೆ ಎತ್ತಿಸಿದ ಸಾಹಸಿಯೂ ಅವರೇ. ಆ ಮಾರ್ಥಾ ಮುಂದೆ ಡಬ್ಲ್ಯು. ಜಿ. ಗ್ರೇಸ್ ಎಂಬ ಕ್ರಿಕೆಟ್ ಆಟಗಾರರ ತಾಯಿಯಾದರು. ಕ್ರಿಕೆಟ್ಟಿನ ಪಿತಾಮಹರೆನ್ನಿಸಿಕೊಂಡವರ ತಾತ ಗಾಳಿಬಂಡಿಯ ಪಿತಾಮಹ. ಈ ಸಂಗತಿ ನಮಗೆ ಎಂತಹ ಉಪಕಾರ ಮಾಡಿತೆಂಬುದನ್ನು ಮುಂದೆ ಹೇಳುತ್ತೇವೆ.

ಈಗ ಬಂಡಿ ಬೇಕು, ಬಯಲೂ ಬೇಕು. ಬಂಡಿಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಕತ್ರಿಗುಪ್ಪೆಯ ಕಡೆ ಕಿಟಕಿಯ ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯವರ ಮುಂದೆ ಹುಡುಗ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದನು. ಅವರು ಬಹಳ ಹೊತ್ತು ನೋಡಿ, "ಎಲ್ಲಾ ಸರಿ ಸಾರ್, ಇಂಜಿನ್ ಎಲ್ಲಿ ಕೂರ್‍ಸೋದು?" ಎಂದರು. ಗಾಳಿಯೇ ಇಂಜಿನ್ ಎಂದಾಗ ನಮ್ಮ ಮುಖವನ್ನೊಮ್ಮೆ, ಹುಡುಗನ ಮುಖವನ್ನೊಮ್ಮೆ ನೋಡಿ, ಮುಂಗಡವಾಗಿ ಹಣ ಕೊಟ್ಟರೆ ಮಾಡಿಕೊಡುವುದಾಗಿ ಹೇಳಿದರು. ಅವರ ಎಚ್ಚರಿಕೆಯಲ್ಲಿ ತಪ್ಪೇನಿಲ್ಲ. ಕಟ್ಟಡದ ಕೆಲಸದಲ್ಲಿ ಸಿಮೆಂಟು, ಮರಳು ತಳ್ಳುವ ಕೈಗಾಡಿಯ ಮೂರು ಗಾಲಿ, ಕಬ್ಬಿಣದ ಕೊಳವೆ, ಹಳೆಯ ಕುರ್ಚಿಯ ಪ್ಲಾಸ್ಟಿಕ್ ಪಟ್ಟಿಯ ಹೆಣಿಗೆ – ಎರಡು ದಿನದಲ್ಲಿ ಬಂಡಿ ಸಿದ್ಧವಾಯಿತು.

ಬಯಲಿನ ಸಮಸ್ಯೆಯೇ ಬೇರೆ. ಜಯನಗರದ ಮೈದಾನಗಳೆಲ್ಲ ಕ್ರಿಕೆಟ್ಟಿನ ವಶ. ಜೆ.ಪಿ. ನಗರದ ಕಿರು ಅರಣ್ಯದಲ್ಲಿ ಮರಗಳು. ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ಒಳ್ಳೆಯ ಗಾಳಿಯಿದೆ. ಅದರೆ ಅದು ಸಾವಿರಾರು ಜನ ಓಡಾಡುವ ಇಳಿಜಾರು, ಬಂಡಿ ಉರುಳಿಸುವ ಸ್ಥಳವಲ್ಲ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಅಡಗಿವೆ. ಹಳ್ಳಿಗಳ ಬಯಲು ಅಡಗಿಹೋಗಿ ಬಹಳ ಕಾಲವಾಯಿತು. ಕನಕಪುರ ರಸ್ತೆಯ ಮೇಲೆ 2017ರಿಂದ ಮೆಟ್ರೋ ರೈಲು ಎತ್ತರದ ಕಂಬಗಳ ಮೇಲೆ ಓಡುತ್ತಿದೆ. ಅದರ ಹತ್ತಿರ ಪಟದ ಮಾತೇ ಆಡಬಾರದು. ಕಡೆಗೆ ಉಳಿದದ್ದು ನಮ್ಮ ಮನೆಗೆ ನಾಲ್ಕು ಅಡ್ಡರಸ್ತೆ ಆಚೆಯಿರುವ ಸಣ್ಣ ಆಟದ ಮೈದಾನ. ಉತ್ತರ–ದಕ್ಷಿಣವಾಗಿ ಸುಮಾರು 70 ಮೀಟರ್, ಪೂರ್ವ–ಪಶ್ಚಿಮವಾಗಿ 45 ಮೀಟರ್. ಪಶ್ಚಿಮಕ್ಕೆ ಎರಡಂತಸ್ತಿನ ಮನೆಗಳ ಸಾಲು. ಪೂರ್ವಕ್ಕೆ ಕುತ್ತಿಗೆಯೆತ್ತರದ ಕಾಂಪೌಂಡು ಗೋಡೆ, ಅದರಾಚೆ ರಸ್ತೆ.

ಅಲ್ಲಿಯೂ ಸಂಜೆ ನಾಲ್ಕೂವರೆಗೆ ಬ್ಯಾಟು ಹಿಡಿದ ಹುಡುಗರು ಬಂದರು. ತಮ್ಮ ಪಿಚ್ಚಿನ ಮೇಲೆ ಗಾಲಿಯ ಗುರುತು ಮೂಡಿದ್ದನ್ನು ಕಂಡು ಸಹಜವಾಗಿಯೇ ಸಿಟ್ಟಾದರು. ನಾವು ಅವರನ್ನು ಕಟ್ಟೆಯ ಮೇಲೆ ಕೂರಿಸಿ ಗ್ರೇಸ್ ಅವರ ತಾತನ ಕತೆಯನ್ನು ಹೇಳಿದೆವು. ಮೂವತ್ತು ವರ್ಷ ಪಾಠ ಹೇಳಿದ ಅಭ್ಯಾಸವಿರುವುದರಿಂದ ಸ್ವಲ್ಪ ದೀರ್ಘವಾಯಿತೇನೋ. ಅವರಲ್ಲೊಬ್ಬ, "ಮೇಷ್ಟ್ರೇ, ನೀವು ಮೂರರಿಂದ ನಾಲ್ಕೂವರೆ, ನಾವು ಆಮೇಲೆ. ಪಿಚ್ ಮೇಲೆ ಮಾತ್ರ ಬರಬೇಡಿ" ಎಂದು ತೀರ್ಪು ಕೊಟ್ಟನು. ಒಪ್ಪಂದವಾಯಿತು.

ಇನ್ನು ನಮ್ಮ ತಪ್ಪಿನ ಪ್ರಸ್ತಾಪಕ್ಕೆ ಬರುತ್ತೇವೆ.

ಹುಡುಗನ ಬಳಿ 20 ಮೀಟರಿನ ದಾರಗಳಿದ್ದವು. ನಮ್ಮ ಅಳತೆಯಲ್ಲಿ ಹನ್ನೊಂದು ಮಾರು. ಮೈದಾನವನ್ನು ನೋಡಿದ ಕೂಡಲೇ ಅವನು ತನ್ನ ಅರೆಗನ್ನಡದಲ್ಲಿ, "ತಾತ, ಜಾಗ ಚಿಕ್ಕದು, ದಾರ ಚಿಕ್ಕದು ಮಾಡಬೇಕು" ಎಂದನು. ನಾವು ಒಪ್ಪಲಿಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ನಮಗೆ ದಾರವೆಂದರೆ ಅಕ್ಕಿಯ ಗೋಣಿಚೀಲದ ಬಾಯಿಯಿಂದ ಬಿಚ್ಚಿದ ಹೊಲಿಗೆಯ ದಾರ. ಎಷ್ಟು ಗಂಟು ಹಾಕಿ ಜೋಡಿಸಿದರೂ ಐದಾರು ಮಾರು ಮೀರುತ್ತಿರಲಿಲ್ಲ. ಪಟ ಮರದೆತ್ತರಕ್ಕೆ ಏರುವ ಮೊದಲೇ ದಾರ ಮುಗಿಯುತ್ತಿತ್ತು. ಊರಿನ ಅಂಗಡಿಯವರ ಮಕ್ಕಳ ಪಟ ಚುಕ್ಕಿಯಾಗಿ ಕಾಣುತ್ತಿದ್ದರೆ ನಾವು ಗಿಡ್ಡ ದಾರ ಹಿಡಿದು ಮೇಲೆ ನೋಡುತ್ತ ನಿಲ್ಲುತ್ತಿದ್ದೆವು. 'ದಾರ ಬಿಟ್ಟಷ್ಟೂ ಗಾಳಿ' ಎಂಬುದು ಆ ವಯಸ್ಸಿನಲ್ಲಿ ಎದೆಯಲ್ಲಿ ಕೂತ ಮಾತು. ಅದು ಸುಳ್ಳೂ ಅಲ್ಲ: ನೆಲದ ಹತ್ತಿರ ಮನೆ ಮರಗಳ ತಡೆಯಿಂದ ಗಾಳಿ ನಿಧಾನವಾಗಿರುತ್ತದೆ, ಮೇಲಕ್ಕೆ ಹೋದಂತೆ ವೇಗ ಹೆಚ್ಚುತ್ತದೆ. ಆದುದರಿಂದ, "ಚಿಕ್ಕದೇಕಪ್ಪಾ, ಉದ್ದವೇ ಇರಲಿ, ಪಟ ಮನೆಗಳ ಮೇಲಕ್ಕೆ ಏರಲಿ" ಎಂದೆವು. ಹಿರಿಯರ ಮಾತು ಮೀರಬಾರದೆಂದು ಅವನಿಗೆ ತಾಯಿ ಹೇಳಿ ಕಳುಹಿಸಿದ್ದಳೋ ಏನೋ, ಅವನು ಮರುಮಾತಾಡಲಿಲ್ಲ.

ಎರಡನೆಯ ದಿನ ಪಟ ಮನೆಗಳ ಸಾಲಿನ ನೆತ್ತಿಯನ್ನು ದಾಟಿತು. ಕೆಳಗೆ ಮೆಲ್ಲಗಿದ್ದ ಗಾಳಿ ಅಲ್ಲಿ ಬಿರುಸಾಗಿತ್ತು. ಗಾಳಿಯ ಲೆಕ್ಕದಲ್ಲಿ ಒಂದು ವಿಶೇಷವಿದೆ: ವೇಗ ಎರಡರಷ್ಟಾದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬಂಡಿ ಹಾರಿದಂತೆ ಮುಂದಕ್ಕೆ ನುಗ್ಗಿ, ಹುಡುಗ ಪಾದದಿಂದ ತಿರುಗಿಸುವಷ್ಟರಲ್ಲಿ ಪೂರ್ವದ ಗೋಡೆಗೆ ಹತ್ತು ಹೆಜ್ಜೆಯ ಸಮೀಪಕ್ಕೆ ಬಂದುಬಿಟ್ಟಿತು. ಅವನು ಕಲಿತಿದ್ದಂತೆಯೇ ಹಿಡಿಗಳನ್ನು ಕೈಬಿಟ್ಟನು. ಮಣಿಕಟ್ಟಿಗೆ ಕಟ್ಟಿದ ಪಟ್ಟಿಗಳು ತಡೆಯ ದಾರಗಳನ್ನು ಮಾತ್ರ ಹಿಡಿದುಕೊಂಡವು. ಪಟದ ಬಲವೆಲ್ಲ ಉಡುಗಿ ಅದು ಬಟ್ಟೆಯಂತೆ ಕೆಳಗಿಳಿಯಿತು. ಇಳಿದದ್ದು ಮಾತ್ರ ಗೋಡೆಯ ಆಚೆ, ರಸ್ತೆಯನ್ನೂ ದಾಟಿ, ಎದುರು ಬದಿಯ ಕಾಲುದಾರಿಯ ಮೇಲೆ. ದಾರಗಳು ಗೋಡೆಯ ನೆತ್ತಿಯಿಂದ ರಸ್ತೆಗೆ ಅಡ್ಡಲಾಗಿ, ಮನುಷ್ಯರ ಕುತ್ತಿಗೆಯ ಎತ್ತರದಲ್ಲಿ ಬಿಗಿದು ನಿಂತವು.

ಆ ಕ್ಷಣದಲ್ಲಿ ಒಬ್ಬ ತಾಯಿ ಸ್ಕೂಟರಿನ ಮುಂಭಾಗದಲ್ಲಿ ಮಗುವನ್ನು ನಿಲ್ಲಿಸಿಕೊಂಡು ಬರುತ್ತಿದ್ದರು. ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿದ್ದವರೊಬ್ಬರು ಕಂಡು, ಕೂಗುತ್ತ ಓಡಿಬಂದು, ದಾರಗಳನ್ನು ಎರಡು ಕೈಗಳಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಸ್ಕೂಟರು ಅವರ ಮೊಣಕೈಯ ಕೆಳಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ತಾಯಿ ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಮಗುವಿನ ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾವು ಕೈಮುಗಿದು ತಪ್ಪು ನಮ್ಮದೆಂದು ಹೇಳಿದೆವು. ಸೊಪ್ಪಿನವರು ಅಂಗೈ ಉಜ್ಜಿಕೊಳ್ಳುತ್ತ, "ಮಾಂಜಾ ಅಲ್ಲವಲ್ಲ ಸ್ವಾಮಿ, ಪುಣ್ಯ" ಎಂದಷ್ಟೇ ಅಂದರು.

ಅವರ ಮಾತಿನ ಅರ್ಥ ನಮ್ಮ ನಗರದವರಿಗೆ ವಿವರಿಸಬೇಕಾಗಿಲ್ಲ. ಗಾಜಿನ ಪುಡಿ ಬಳಿದ ದಾರ, ನೈಲಾನಿನ ದಾರ ಇವು ಪಟವನ್ನು ಮಾತ್ರ ಕೊಯ್ಯುವುದಿಲ್ಲ. 2017ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂತಹ ದಾರಗಳನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಮರದ ಕೊಂಬೆಗಳಲ್ಲಿ ತಿಂಗಳುಗಟ್ಟಲೆ ಜೋಲುವ ಅವುಗಳ ತುಣುಕಿಗೆ ಹದ್ದುಗಳು ರೆಕ್ಕೆ ಸಿಕ್ಕಿಸಿಕೊಂಡು ನರಳುವುದು ನಿಂತಿಲ್ಲ. ಕೆಂಗೇರಿಯ ವನ್ಯಜೀವಿ ಆಸ್ಪತ್ರೆಗೆ ಅಂತಹ ಹಕ್ಕಿಗಳನ್ನು ಒಯ್ಯುತ್ತಾರೆ. ನಮ್ಮ ದಾರ ಮಾಂಜಾ ಆಗಿರಲಿಲ್ಲ, ನಿಜ. ಆದರೆ ಬಿಗಿದು ನಿಂತ ನುಣುಪಾದ ದಾರವೂ ವೇಗವಾಗಿ ಬರುವ ಕುತ್ತಿಗೆಗೆ ಕತ್ತಿಯೇ. ತಪ್ಪು ದಾರದ ಜಾತಿಯದಲ್ಲ, ಅದರ ಉದ್ದದ್ದು. ಉದ್ದವನ್ನು ನಿರ್ಧರಿಸಿದವರು ನಾವು.

ಆ ರಾತ್ರಿ ಊಟ ಸೇರಲಿಲ್ಲ. ನಮ್ಮ ಮನೆಯವರು, "ಸಾಕು, ಆ ಬಂಡಿಯನ್ನು ಗುಜರಿಗೆ ಹಾಕಿ" ಎಂದರು. ಅವರ ಮಾತು ನ್ಯಾಯವೇ ಆಗಿತ್ತು. ಹುಡುಗ ಮೌನವಾಗಿ ಮಹಡಿಗೆ ಹೋದನು. ಸ್ವಲ್ಪ ಹೊತ್ತಿನ ಬಳಿಕ ನಾವೂ ಹೋದೆವು. ಅವನು ಟಾರ್ಚು ಹಿಡಿದು ತಾರಸಿಯ ಮೇಲೆ ನಾಲ್ಕು ದಾರಗಳನ್ನೂ ಉದ್ದಕ್ಕೆ ಬಿಡಿಸಿ ಅಳೆಯುತ್ತಿದ್ದನು. "ತಾತ, ನೋಡಿ" ಎಂದು ಸೀಮೆಸುಣ್ಣದಿಂದ ಮೈದಾನದ ಚಿತ್ರ ಬರೆದನು. ಕನ್ನಡ ಸಾಲದ ಕಡೆ ಗೆರೆ ಮಾತಾಡಿತು.

ಪಟ ಓಡಾಡುವುದು ದಾರದ ಉದ್ದವೇ ತ್ರಿಜ್ಯವಾದ ಅರ್ಧ ಗುಮ್ಮಟದೊಳಗೆ. ದಾರ 20 ಮೀಟರಾದರೆ ಅದು ಎಡತುದಿಯಿಂದ ಬಲತುದಿಗೆ 40 ಮೀಟರ್ ಅಗಲವನ್ನು ಗುಡಿಸುತ್ತದೆ. ಗಾಳಿಯ ಕೆಳಬದಿಗೆ 20 ಮೀಟರ್ ಚಾಚುತ್ತದೆ. ನಮ್ಮ ಮೈದಾನದ ಅಗಲವೇ 45. ದಾರವನ್ನು 8 ಮೀಟರಿಗೆ ಇಳಿಸಿದರೆ ಗುಡಿಸುವ ಅಗಲ 16, ಚಾಚುವುದು 8. ಗೋಡೆಯಿಂದ 15 ಮೀಟರ್ ದೂರದಲ್ಲಿ ಒಂದು ಗೆರೆ ಎಳೆದು, ಬಂಡಿ ಆ ಗೆರೆಯನ್ನು ಎಂದೂ ದಾಟಬಾರದೆಂದು ಕಟ್ಟುಮಾಡಿದರೆ, ಏನೇ ಆದರೂ, ಕೈಬಿಟ್ಟರೂ, ಪಟ ರಸ್ತೆಯನ್ನು ಮುಟ್ಟಲಾರದು. ಇದು ಎಚ್ಚರಿಕೆಯ ಮಾತಲ್ಲ, ರೇಖಾಗಣಿತ. ಎಚ್ಚರಿಕೆ ತಪ್ಪಬಹುದು, ರೇಖಾಗಣಿತ ತಪ್ಪದು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಅವನಿಗೆ ಹೇಳಿ ಅರ್ಥ ಬಿಡಿಸಿದೆವು. ಅವನು ನಕ್ಕು, "ಅದೇ ತಾತ" ಎಂದು ದಾರಕ್ಕೆ ಕತ್ತರಿ ಹಾಕಿದನು. ಮರುದಿನ ಅವನ ಅಜ್ಜಿಯನ್ನು ಮೈದಾನಕ್ಕೆ ಕರೆದೊಯ್ದು ಗೆರೆಯನ್ನು ತೋರಿಸಿ ಒಪ್ಪಿಗೆ ಪಡೆದೆವು. ಅವರ ಷರತ್ತು ಎರಡು: ತಲೆಗೆ ಹೆಲ್ಮೆಟ್ಟು, ಮತ್ತು ಪೂರ್ವದ ಗೋಡೆಯ ಬಳಿ ನಾವೇ ಕಾವಲು ನಿಲ್ಲುವುದು.

ಗಿಡ್ಡ ದಾರ ಪ್ರಾಣಕ್ಕೆ ಒಳ್ಳೆಯದು, ಆಟಕ್ಕೆ ಕಷ್ಟ. ಪಟ ಈಗ ಮನೆಗಳ ಮರೆಯಲ್ಲಿಯೇ ಹಾರಬೇಕು. ಒಂದು ಅಡ್ಡಿಯ ಹಿಂದೆ, ಅದರ ಎತ್ತರದ ಹತ್ತರಷ್ಟು ದೂರಕ್ಕಾದರೂ ಗಾಳಿ ಕುಗ್ಗಿ ಸುಳಿಸುಳಿಯಾಗಿರುತ್ತದೆ. ಎರಡಂತಸ್ತಿನ ಮನೆ ಏಳೆಂಟು ಮೀಟರ್ ಎತ್ತರವೆಂದರೆ, ನಮ್ಮ ಮೈದಾನವೆಲ್ಲವೂ ಆ ಮರೆಯೊಳಗೇ ಇತ್ತು. ಸಾಲದ್ದಕ್ಕೆ, ಒಂಬೈನೂರು ಮೀಟರಿನ ನಮ್ಮ ಎತ್ತರದಲ್ಲಿ ಗಾಳಿ ಕಡಲತೀರಕ್ಕಿಂತ ನೂರಕ್ಕೆ ಎಂಟರಷ್ಟು ತೆಳು. ಮೂರನೆಯ ದಿನ ಬಂಡಿ ಮುಕ್ಕಾಲು ಹೊತ್ತು ಅಲುಗಲೇ ಇಲ್ಲ. ಪಟ ಎದ್ದು, ಗಾಳಿಯಿಲ್ಲದೆ ಸುಕ್ಕಾಗಿ, ಹುಡುಗನ ತಲೆಯ ಮೇಲೆಯೇ ಬೀಳುತ್ತಿತ್ತು.

ಇಲ್ಲಿ ನಮ್ಮ ಕಡೆಯಿಂದಲೂ ಒಂದು ಕಿರಿದಾದ ಉಪಕಾರವಾಯಿತು. ಚಿಕ್ಕಂದಿನಲ್ಲಿ ಕಣದಲ್ಲಿ ರಾಗಿ ತೂರುವವರನ್ನು ನಾವು ನೋಡಿದ್ದೇವೆ. ಅವರು ಮೊರ ಎತ್ತಿ ಹಿಡಿದು ಗಾಳಿಗಾಗಿ ಕಾಯುತ್ತಿದ್ದರು. ಕಣದಲ್ಲಿ ಗಾಳಿ ನುಗ್ಗುವ ದಾರಿ ಯಾವುದೆಂದು ಹೊಟ್ಟು ಹಾರುವುದನ್ನು ನೋಡಿಯೇ ತಿಳಿಯುತ್ತಿದ್ದರು. ನಾವು ಒಂದು ಹಿಡಿ ಒಣಮಣ್ಣನ್ನು ತೆಗೆದುಕೊಂಡು ಮೈದಾನದ ಪಶ್ಚಿಮದ ಅಂಚಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಬಿಡುತ್ತ ನಡೆದೆವು. ಒಂದು ಕಡೆ ಮಣ್ಣು ನೇರ ಕೆಳಗೆ ಬಿತ್ತು. ಇನ್ನೊಂದು ಕಡೆ ಸುತ್ತಿತು. ಅಡ್ಡರಸ್ತೆಯೊಂದು ಮನೆಗಳ ಸಾಲನ್ನು ಸೀಳಿಕೊಂಡು ಬಂದು ಮೈದಾನಕ್ಕೆ ಮುಟ್ಟುವಲ್ಲಿ ಮಾತ್ರ ಕೈಯಿಂದ ಕಿತ್ತುಕೊಂಡಂತೆ ಪೂರ್ವಕ್ಕೆ ಹಾರಿತು. ಪಡುವಣ ಗಾಳಿ ಆ ರಸ್ತೆಯನ್ನೇ ಕಾಲುವೆಯಾಗಿ ಮಾಡಿಕೊಂಡು ಬರುತ್ತಿತ್ತು. ಅದರ ಅಗಲ ಹದಿನೈದು ಹೆಜ್ಜೆ. ಮಧ್ಯಾಹ್ನ ಮೂರರ ಮೇಲೆ, ನೆಲ ಕಾದು ಮೇಲಿನ ಗಾಳಿ ಕೆಳಗಿಳಿದು ಬೆರೆಯುವ ಹೊತ್ತಿನಲ್ಲಿ, ಅದು ತುಂಬ ಜೋರು. ಹುಡುಗನನ್ನು ಕರೆದು ತೋರಿಸಿದೆವು. ಅವನು ತಾನೂ ಒಂದು ಹಿಡಿ ಮಣ್ಣು ಬಿಟ್ಟು ನೋಡಿ, ಮತ್ತೊಂದು ಹಿಡಿ ಬಿಟ್ಟು, "ಇಲ್ಲಿ ಗಾಳಿ ನದಿ ತಾತ!" ಎಂದನು. ಆ ಕನ್ನಡವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಆಮೇಲಿನ ಆರು ದಿನ ನಾವು ಕಂಡದ್ದನ್ನು ಹೇಳುತ್ತೇವೆ. ಬಂಡಿ ಓಡುವುದು ಗಾಳಿ ಹೋಗುವ ದಿಕ್ಕಿಗಲ್ಲ, ಗಾಳಿಗೆ ಅಡ್ಡಲಾಗಿ. ಪಡುವಣ ಗಾಳಿಗೆ ಉತ್ತರ ದಕ್ಷಿಣವಾಗಿ. ಉದ್ದ ದಾರದಲ್ಲಾದರೆ ಪಟವನ್ನು ಆಕಾಶದಲ್ಲಿ ಒಂದು ಕಡೆ ನಿಲ್ಲಿಸಿ ಸುಮ್ಮನೆ ಎಳೆಸಿಕೊಳ್ಳಬಹುದು. ಗಿಡ್ಡ ದಾರದಲ್ಲಿ ಆ ಸುಖವಿಲ್ಲ. ಗಾಳಿ ಕಡಮೆಯಾದುದರಿಂದ ಪಟವನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಪಟ ತಾನೇ ಓಡುವ ವೇಗದಿಂದ ಹೆಚ್ಚಿನ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತದೆ. ಒಂದೊಂದು ಎಳೆತವೂ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹಾಗೆಯೇ ಕೈಯ ಆಜ್ಞೆಯೂ ಕಣ್ಣುಮಿಟುಕಿಸುವಷ್ಟರಲ್ಲಿ ಪಟಕ್ಕೆ ಮುಟ್ಟುತ್ತದೆ. ಉದ್ದ ದಾರ ಜೋಲುತ್ತದೆ, ಎಳೆದದ್ದು ತಡವಾಗಿ ತಲುಪುತ್ತದೆ. ಗಿಡ್ಡ ದಾರದಲ್ಲಿ ತಪ್ಪನ್ನು ಕೂಡಲೇ ತಿದ್ದಬಹುದು, ಆದರೆ ಕೂಡಲೇ ತಿದ್ದಬೇಕು.

ಹುಡುಗ ದಕ್ಷಿಣದ ಅಂಚಿನಿಂದ ಮೆಲ್ಲಗೆ ಹೊರಟು, ಗಾಳಿಯ ಕಾಲುವೆಗೆ ಬಂದೊಡನೆ ಮೂರು ಸಲ ಪಟವನ್ನು ಗೋತಾ ಹೊಡೆಸಿ ವೇಗ ಗಳಿಸುತ್ತಿದ್ದನು. ಹದಿನೈದು ಹೆಜ್ಜೆಯಲ್ಲಿ ಗಳಿಸಿದ ಆ ವೇಗದಲ್ಲಿಯೇ ಉಳಿದ ಗಾಳಿಯಿಲ್ಲದ ನೆಲವನ್ನೆಲ್ಲ ಹರಿದು ದಾಟುತ್ತಿದ್ದನು. ತುದಿಯಲ್ಲಿ ಪಟವನ್ನು ನೆತ್ತಿಯ ಮೇಲಿಂದ ಆಚೆಗೆ ಹೊರಳಿಸಿ, ಪಾದದಿಂದ ಬಂಡಿಯನ್ನು ತಿರುಗಿಸಿ, ಮತ್ತೆ ಈ ಕಡೆಗೆ. ಪ್ರತಿ ತಿರುವಿನಲ್ಲಿಯೂ ಬಂಡಿ ಒಂದೆರಡು ಮೀಟರ್ ಪೂರ್ವಕ್ಕೆ ಜಾರುತ್ತಿತ್ತು. ನಾವು ಗೆರೆಯ ಬಳಿ ಕೈ ಎತ್ತಿದ ಕೂಡಲೇ ಅವನು ಪಟ ಇಳಿಸಿ, ಬಂಡಿಯನ್ನು ಪಶ್ಚಿಮಕ್ಕೆ ಎಳೆದುಕೊಂಡು ಹೋಗಿ ಮತ್ತೆ ಮೊದಲಿಂದ ಆರಂಭಿಸುತ್ತಿದ್ದನು. ಕಡಲತೀರದಲ್ಲಿ ಕಿಲೋಮೀಟರುಗಟ್ಟಲೆ ಓಡಿಸಿದವನಿಗೆ ಇಲ್ಲಿ 70 ಮೀಟರ್. ಬೇಸರವಾಗದೇ ಎಂದು ಕೇಳಿದೆವು. ಅಲ್ಲಿ ಕೂತರೆ ಸಾಕು, ಇಲ್ಲಿ ಗಾಳಿಯನ್ನು ಹುಡುಕಬೇಕು, ಇದೇ ಹೆಚ್ಚು ಚೆಂದ ಎಂಬ ಅರ್ಥದ ಮಾತನ್ನು ಅವನು ಎರಡೂ ಭಾಷೆ ಬೆರೆಸಿ ಹೇಳಿದನು. ಕ್ರಿಕೆಟ್ ಹುಡುಗರು ನಾಲ್ಕೂವರೆಗೆ ಬದಲಾಗಿ ಮೂರಕ್ಕೇ ಬಂದು ಗೋಡೆಯ ಮೇಲೆ ಸಾಲಾಗಿ ಕೂರತೊಡಗಿದರು. ಕಾವಲಿಗೆ ನಮ್ಮೊಡನೆ ಹನ್ನೊಂದು ಜನವಾದರು.

ಹೊರಡುವ ಹಿಂದಿನ ದಿನ ಹುಡುಗ ಹಿಡಿಗಳನ್ನು ನಮ್ಮ ಕೈಗೆ ಕೊಟ್ಟನು. ಬಂಡಿಯಲ್ಲಿ ಕೂರಲು ನಮ್ಮ ಪಂಚೆಯೂ ಮಂಡಿಯೂ ಒಪ್ಪಲಿಲ್ಲ, ನಿಂತೇ ಹಿಡಿದೆವು. ನಾಲ್ಕೂವರೆ ಮಾರು ದಾರ. ಮಠದಲ್ಲಿದ್ದಾಗ ಯಾವುದು ಸಾಲದೆಂದು ಕೊರಗಿದ್ದೆವೋ ಅದಕ್ಕಿಂತಲೂ ಗಿಡ್ಡ. ಪಟ ಎದ್ದು ತಲೆಯ ಮೇಲೆ ನಿಂತಿತು. ಗಾಳಿಯ ಒಂದೊಂದು ಅಲುಗಾಟವೂ ಬೆರಳಿಗೆ ಬರುತ್ತಿತ್ತು. ಅಂಗಡಿಯವರ ಮಕ್ಕಳ ಆ ಚುಕ್ಕಿಯಂತಹ ಪಟದಿಂದ ಅವರ ಬೆರಳಿಗೆ ಇಷ್ಟು ಸುದ್ದಿ ಬಂದಿತ್ತೋ ಇಲ್ಲವೋ. ಪಕ್ಕದಲ್ಲಿ ನಿಂತು ಮೊಮ್ಮಗ, "ಎಡ, ತಾತ. ಸ್ವಲ್ಪ ಎಡ. ಬಿಡಿ, ಈಗ ಬಿಡಿ" ಎಂದು ಹೇಳುತ್ತಿದ್ದನು. ನಾವು ಹೇಳಿದಂತೆ ಕೇಳಿದೆವು.

ಆ ಹನ್ನೆರಡು ದಿನಗಳಲ್ಲಿ ಅವನಿಗೆ ಸೂತ್ರ, ಬಾಲಂಗೋಚಿ, ಗೋತಾ, ಮಾರು, ಮೊರ, ಹೊಟ್ಟು ಎಂಬ ಪದಗಳು ಬಂದವು. ನಮಗೆ ಬಂದದ್ದು ಇಷ್ಟು: ಹಿರಿಯರಾದ ನಾವು ನಮ್ಮ ಬಾಲ್ಯದ ಕೊರತೆಯನ್ನು ಮಕ್ಕಳ ಕೈಯಲ್ಲಿ ಉದ್ದದ ದಾರವಾಗಿ ಕೊಡುತ್ತೇವೆ. ನಮಗೆ ಸಿಗದಿದ್ದುದು ಅವರಿಗೆ ಸಿಗಲೆಂಬ ಪ್ರೀತಿಯಿಂದಲೇ ಕೊಡುತ್ತೇವೆ. ಅವರು ನಿಂತಿರುವ ಬಯಲು ಎಷ್ಟಿದೆ, ಗೋಡೆಯ ಆಚೆ ಯಾರ ಮಗು ಬರುತ್ತಿದೆ ಎಂಬುದನ್ನು ನೋಡುವುದಿಲ್ಲ. ಹುಡುಗ ಅದನ್ನು ಮೊದಲ ದಿನವೇ ನೋಡಿದ್ದನು, ಹೇಳಿಯೂ ಇದ್ದನು. ಕೇಳದೆ ಹೋದವರು ನಾವು. ಈ ಆಷಾಢದಲ್ಲಿ ಮಕ್ಕಳಿಗೆ ಗಾಳಿಪಟ ಕೊಡಿಸುವ ತಂದೆ ತಾಯಿಗಳು, ತಾತ ಅಜ್ಜಿಯರು ನೂಲಿನ ದಾರವನ್ನೇ ಕೊಡಿಸಿರಿ, ತಾರಸಿಯ ಅಂಚಿನಿಂದಲೂ ವಿದ್ಯುತ್ ತಂತಿಯಿಂದಲೂ ದೂರ ನಿಲ್ಲಿಸಿರಿ. ದಾರದ ಉದ್ದ ಎಷ್ಟಿರಬೇಕೆಂದು ಒಮ್ಮೆ ಮಕ್ಕಳನ್ನೂ ಕೇಳಿ ನೋಡಿರಿ.

ಬಂಡಿಯನ್ನು ಮೈದಾನದ ಹುಡುಗರಿಗೆ ಬಿಟ್ಟುಕೊಟ್ಟೆವು. ಒಬ್ಬರನ್ನೊಬ್ಬರು ಕೂರಿಸಿ ತಳ್ಳಿಕೊಂಡು ಓಡುತ್ತಾರೆ. ಕತ್ತರಿಸಿ ಉಳಿದ ಹನ್ನೆರಡು ಮೀಟರಿನ ನಾಲ್ಕು ದಾರಗಳು ನಮ್ಮ ಮಹಡಿಯ ಮೇಲಿವೆ. ಅವನ ಅಜ್ಜಿ ಅವನ್ನು ಹೊಸೆದು ಕಂಬದಿಂದ ಕಂಬಕ್ಕೆ ಕಟ್ಟಿಸಿ, ಮಳೆ ಬಿಟ್ಟಾಗ ಬಟ್ಟೆ ಒಣಹಾಕುತ್ತಾರೆ. ಆಷಾಢದ ಗಾಳಿಗೆ ನಮ್ಮ ಪಂಚೆಗಳು ಅಲ್ಲಿ ಪಟಪಟ ಎನ್ನುತ್ತಿರುತ್ತವೆ.